ಯಾರೂ ತುಳಿಯದ ತೆನೆ

ಬೀದರಿನ ಮಕ್ಕಳ ಮ್ಯೂಸಿಯಮ್ಮಿಗಾಗಿ ನಂದಕುಮಾರ ಒಂದು ನೆಲಹಾಸು ಮಾಡಿದ. ಅದರ ಮೇಲಿನ ಜೋಳದ ತೆನೆಯ ಚಿತ್ರ ತುಳಿದರೆ ದೀಪ ಹತ್ತಿ ಹಕ್ಕಿಗಳು ಹಾಡಬೇಕು. ಚಿತ್ರ ಬರೆಯುವ ಮೊದಲೇ ಮನೆಯಲ್ಲಿ ತಾನೇ ಕುಣಿದು ಪರೀಕ್ಷಿಸಿದ್ದ. ಆ ಕುಣಿತ ನೋಡಿ ನಗಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮೊದಲ ದಿನ ಖಟಕ ಚಿಂಚೋಳಿಯ ಸಾಲೆಮಕ್ಕಳು ಬಂದು ಅಂಚಿನಲ್ಲೇ ನಿಂತರು.

“ತುಳೀರಿ, ಹಾಡ್ತದ,” ಎಂದ ನಂದಕುಮಾರ.

“ಕಾಳು ತುಳೀಬಾರದ್ರಿ ಅಣ್ಣಾ. ನಿಮ್ಮವ್ವ ಹೇಳಿಲ್ಲೇನ್ರಿ?” ಎಂದಳೊಬ್ಬ ಪುಟ್ಟಿ.

“ಹೇಳಿದ್ಳವ್ವಾ. ಈಗ ಹೇಳಾವ್ರು ಯಾರೂ ಇಲ್ಲ.”

ಮಕ್ಕಳು ತೆನೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟುಹೋದರು. ಆ ಹಗುರ ಬೆರಳುಗಳಿಗೆ ಒಂದು ಹಕ್ಕಿಯೂ ಎಚ್ಚರಾಗಲಿಲ್ಲ.

ಖಾಲಿ ಕೋಣೆಯಲ್ಲಿ ನಂದಕುಮಾರ ಚಪ್ಪಲಿ ಬಿಟ್ಟು ಕಾಲೆತ್ತಿದ; ಇಡಲಾಗಲಿಲ್ಲ. ಮಂಡಿಯೂರಿ ಅಂಗೈಗಳನ್ನು ಬಲವಾಗಿ ಒತ್ತಿದ. ಹಕ್ಕಿಗಳೆಲ್ಲ ಹಾಡಿದವು, ಅವನೊಬ್ಬನಿಗೇ.