ಜೋಡಿಗೋಡೆಯ ಉದ್ದಗಲ್ಲು

ಮಣಿಕೊಂಡದ ಕಲ್ಲುಗಣಿ ನಿಂತುಹೋಗಿ ಬಹಳ ಕಾಲವಾಗಿತ್ತು. ಯಾದಗಿರಿ ಕಡೆಯಿಂದ ಬಂದ ಕಲ್ಲು ಒಡೆಯುವವರು ಅದರ ದಂಡೆಯಲ್ಲಿ ತಾವೇ ಕಟ್ಟಿಕೊಂಡ ಮನೆಗಳ ಸಾಲು ಮಾತ್ರ ಉಳಿದಿತ್ತು. ಬಂಡೆಗಲ್ಲಿನ ಗೋಡೆ, ಮೇಲೆ ಚಪ್ಪಡಿ, ಎರಡು ಮನೆಗೆ ನಡುವೆ ಒಂದೇ ಜೋಡಿಗೋಡೆ. ಕಲ್ಲೂ ಉಳಿಯಿತು, ಜಾಗವೂ ಉಳಿಯಿತು. ಗೋಡೆ ಬಿರಿಯದಿರಲೆಂದು ನಡುವೆ ಒಂದು ಉದ್ದಗಲ್ಲು ತೂರಿಸುತ್ತಿದ್ದರು. ಅದರ ಒಂದು ತುದಿ ಈ ಮನೆಯೊಳಗೆ, ಇನ್ನೊಂದು ಆ ಮನೆಯೊಳಗೆ.

ಮೌನಪ್ಪ, ಪಕ್ಕದ ಮನೆಯ ಮಲ್ಲಣ್ಣ ಗಣಿಯಲ್ಲಿ ಜೊತೆಗಾರರು. ನಸುಕಿನಲ್ಲಿ ಮೊದಲು ಎದ್ದವನು ಆ ಕಲ್ಲಿಗೆ ಸುತ್ತಿಗೆಯಿಂದ ಬಡಿಯಬೇಕು, ಇನ್ನೊಬ್ಬ ಆ ಕಡೆಯಿಂದ ತಿರುಗಿ ಬಡಿಯಬೇಕು. ಗಣಿ ಮುಚ್ಚಿದ ಮೇಲೂ ಇದು ನಿಲ್ಲಲಿಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಮೌನಪ್ಪನ ಮನೆಗೆ ತಪ್ಪದೆ ಬರುತ್ತಿದ್ದ ನೆಂಟನೆಂದರೆ ಆ ಸದ್ದು ಒಂದೇ.

ಆಮೇಲೆ ಸುತ್ತ ಐ.ಟಿ. ಕಂಪನಿಗಳ ಗಾಜಿನ ಕಟ್ಟಡಗಳು ಎದ್ದವು, ಬಿಲ್ಡರ್ ಬಂದ. ಸಾಲಿನವರು ಒಬ್ಬೊಬ್ಬರೇ ಮಾರಿದರು. ಮಲ್ಲಣ್ಣನೂ ಮಾರಿ, ನಗರದ ಇನ್ನೊಂದು ತುದಿಯ ಉಪ್ಪಲ್‌ನಲ್ಲಿದ್ದ ಮಗಳ ಹತ್ತಿರ ಹೋಗುತ್ತೇನೆಂದ. ಮೌನಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಗೋಡೆ ಇಬ್ಬರದು, ಒಬ್ಬನೇ ಹೇಗೆ ಮಾರಿದೆ ಎಂದು ಬೀದಿಯಲ್ಲಿ ನಿಂತು ಕೂಗಾಡಿದ. ಗೋಡೆಯ ಚಿಂತೆ ಯಾರಿಗಿತ್ತು! ನೀನು ಹೋದರೆ ನಾನೇನು ಮಾಡಲಿ ಎನ್ನಲು ಬಾಯಿ ಬರಲಿಲ್ಲ, ಅಷ್ಟೆ. ಅಂದಿನಿಂದ ಮಾತು ನಿಂತಿತು. ಬೆಳಗಿನ ಬಡಿತ ಮಾತ್ರ ನಡೆದೇ ಇತ್ತು.

ಹೊರಡುವ ದಿನವೂ ಮಲ್ಲಣ್ಣ ಬಡಿದ. ಮೌನಪ್ಪ ಎಚ್ಚರವಾಗಿಯೇ ಇದ್ದ, ಸುತ್ತಿಗೆ ಕೈಗೆ ಎಟಕುವಂತಿತ್ತು. ಬೇಕಾದರೆ ಬಾಗಿಲಿಗೆ ಬಂದು ಕರೆಯಲಿ ಎಂದು ಕಂಬಳಿ ಎಳೆದುಕೊಂಡ. ಮತ್ತೆ ಬಡಿತ. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಆಮೇಲೆ ಹೊರಗೆ ಆಟೋ ಹೊರಟ ಸದ್ದು. ಹಟಮಾರಿ ಮುದುಕ, ಆಗಲೂ ಏಳಲಿಲ್ಲ.

ಜೆಸಿಬಿ ಬಂದು ಮಲ್ಲಣ್ಣನ ಮನೆಯನ್ನು ಕೆಡವಿತು. ಜೋಡಿಗೋಡೆಯನ್ನು ಮಾತ್ರ ಬಿಟ್ಟರು. ಯಾಕೆಂದು ಮೌನಪ್ಪ ಕೇಳಿದಾಗ ಮೇಸ್ತ್ರಿ ತಿಪ್ಪೇಸ್ವಾಮಿ ಹೇಳಿದ: "ಮಲ್ಲಣ್ಣಾರು ಹೇಳಿ ಹೋಗ್ಯಾರ್ರಿ. ಆ ಗ್ವಾಡಿ ಮುಟ್ಟಬ್ಯಾಡ್ರಿ, ಆ ಕಡೆ ನಮ್ಮ ಮೌನಪ್ಪ ಅದಾನ ಅಂದ್ರು."

ಕೆಲಸದವರು ಹೋದ ಮೇಲೆ ಮೌನಪ್ಪ ಸುತ್ತಿಗೆ ಹಿಡಿದು ಗೋಡೆಯ ಆ ಬದಿಗೆ ಹೋದ. ಮಲ್ಲಣ್ಣ ನಿಲ್ಲುತ್ತಿದ್ದಲ್ಲಿ ನಿಂತು, ಬಡಿದು ಬಡಿದು ನುಣುಪಾಗಿದ್ದ ಕಲ್ಲಿನ ತುದಿಗೆ ಬಡಿದ. ಕಿವಿಗೊಟ್ಟ. ಮತ್ತೆ ಬಡಿದ. ಸ್ವಲ್ಪ ಬಿಟ್ಟು ಇನ್ನೊಮ್ಮೆ.

ಮೌನಪ್ಪನ ಮನೆಯೊಳಗಿಂದ ಯಾರೂ ತಿರುಗಿ ಬಡಿಯಲಿಲ್ಲ. ಅವತ್ತು ಮಲ್ಲಣ್ಣ ಕೇಳಿಸಿಕೊಂಡು ಹೋದದ್ದು ಇದನ್ನೇ ಎಂದು ಆಗ ಅವನಿಗೆ ತಿಳಿಯಿತು.