ಬಿಸಿಲಿಗೆ ಕುಳಿತ ನೇಕಾರ ಕಾಕಾ

ಕುಷ್ಟಗಿಯ ನಮ್ಮ ಓಣಿಯಲ್ಲಿ ನೇಕಾರ ಕಾಕಾನಷ್ಟು ಬೆಳ್ಳಗಿನ ಕಾಲು ಇನ್ಯಾರಿಗೂ ಇರಲಿಲ್ಲ. ಹುಡುಗನಿದ್ದಾಗಿನಿಂದ ಐವತ್ತರವರೆಗೆ ಆ ಕಾಲುಗಳು ಹಗಲೆಲ್ಲ ಮಗ್ಗದ ಕೆಳಗೆ ತೋಡಿದ ಕುಣಿಯೊಳಗೇ ಇಳಿಬಿದ್ದಿದ್ದವು. ಗೋಡೆಗೆ ಗೋಡೆ ಹತ್ತಿದ ಮನೆ, ಹಾಗಾಗಿ ನನಗೆ ಅವರು ಕಾಕಾ. ಬಿಸಿಗಾಳಿ ತಾಗಿದರೆ ನೂಲು ಒಣಗಿ ಹರಿಯುತ್ತದೆಂದು ಮಗ್ಗದ ಕೋಣೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ನೆಲಕ್ಕೆ ನೀರು ಚಿಮುಕಿಸಿ ಬಾಗಿಲನ್ನೂ ಮುಂದೆ ಮಾಡಿಕೊಳ್ಳುತ್ತಿದ್ದರು. "ನೂಲಿಗೆ ತಂಪ ಬೇಕು, ನನಗೇನ ಆಗತೈತಿ?" ಎನ್ನುವುದು ಅವರ ಮಾತು.

ಎಂಬತ್ತರ ದಶಕದ ಒಂದು ಬೇಸಿಗೆ, ನೂಲಿನ ಗಂಟನ್ನು ಅಟ್ಟಕ್ಕೆ ಎತ್ತಿಡುವಾಗ ಅವರ ಬಲಭುಜದೊಳಗೆ ಸ್ನಾಯುರಜ್ಜು ಹರಿಯಿತು. ಲಾಳಿ ಓಡಿಸುವ ಹಗ್ಗ ಜಗ್ಗುವ ಕೈ ಅದು. ಹುಬ್ಬಳ್ಳಿಯಲ್ಲಿ ಕೊಯ್ದು, ಹರಿದದ್ದನ್ನು ಮತ್ತೆ ಎಲುಬಿಗೆ ಹೊಲಿದರು. ಜೊತೆಗೆ ಹೋದವನು ನಾನು. ಕಾಲೇಜು ಬಿಟ್ಟು, ಊರವರ ನಡಿಗೆ ಮಾತುಗಳನ್ನು ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ನನ್ನಷ್ಟು ಬಿಡುವಿದ್ದವರು ಓಣಿಯಲ್ಲಿ ಮತ್ತೊಬ್ಬರಿರಲಿಲ್ಲ.

ಡಾಕ್ಟರು ಕಾಕಾನ ಕಾಲು ನೋಡಿ, ರಕ್ತ ಪರೀಕ್ಷೆಯ ಚೀಟಿ ನೋಡಿ ಹೇಳಿದರು: "ಮೈಯಾಗ ಡಿ ವಿಟಮಿನ್ ಕಡಿಮಿ ಐತ್ರಿ. ಗುಳಿಗಿ ತಗೋರಿ, ಬಿಸಲಿಗೆ ಕುಂದರ್ರಿ, ಎಲುಬಿಗೆ ಛಲೋ. ಆದರ ಬರೇ ಗುಳಿಗಿಲೆ ಕೈ ಮ್ಯಾಲೆ ಏಳೂದಿಲ್ಲ. ನಾ ಯಾವಾಗ ಹೇಳತೀನಿ, ಆವಾಗಿಂದ ವ್ಯಾಯಾಮ ಮಾಡಬೇಕು."

ಕಾಕಾ ಶಿಸ್ತಿನವರು. ಮರುವಾರದಿಂದಲೇ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತರು. ತಲೆಗೆ ರುಮಾಲು, ಮೈಗೆ ತುಂಬುತೋಳಿನ ಅಂಗಿ, ಅದರ ಮೇಲೆ ಕಂಬಳಿ. ಓಣಿಯ ಎದುರು ಬರಿಮೈಯಲ್ಲಿ ಕೂರುವ ಮನುಷ್ಯ ಅವರಲ್ಲ.

"ಕಾಕಾ, ಡಿ ವಿಟಮಿನ್ ಎಲ್ಲಾ ಕಂಬಳಿಗೆ ಹೊಂಟೈತ್ರಿ. ಅದಕ್ಕ ಎಲುಬ ಬಂದು ಎದ್ದು ನಡದರ ನಾ ಹಿಡಿಯಾಂವ ಅಲ್ಲ," ಎಂದೆ ನಾನು.

ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿಂದಲೇ ನಕ್ಕರು. ಮರುದಿನ ಕಂಬಳಿ ಇಳಿಯಿತು, ವಾರದಲ್ಲಿ ಅಂಗಿಯೂ.

ಆದರೆ ಕೈ ಏಳಲಿಲ್ಲ. ಡಾಕ್ಟರು ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟು ತಿಂಗಳಾದರೂ ಅಷ್ಟೇ. ಇನ್ನು ಮಗ್ಗ ಮಾರುವುದೇ ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು. ಅಂಥದರಲ್ಲಿ ಒಂದು ಮುಂಜಾನೆ, ನೀರಿಗೆ ನಿಂತ ಹೆಂಗಸರ ಮುಂದೆ ನಾನು ಕಾಕಾನ ವ್ಯಾಯಾಮ ಮಾಡಿ ತೋರಿಸಿದೆ: ಹಲ್ಲು ಕಚ್ಚಿ, ಭುಜವನ್ನು ಕಿವಿಗೆ ತಾಗಿಸಿ, ಸೊಂಟ ಸೊಟ್ಟ ಮಾಡಿ. ಎಲ್ಲರೂ ನಕ್ಕು, ಒಮ್ಮೆಲೇ ಕೊಡ ಎತ್ತಿಕೊಳ್ಳತೊಡಗಿದರು. ಹಿಂದೆ ಕಾಕಾ ನಿಂತಿದ್ದರು.

"ಇನ್ನೊಮ್ಮೆ ಮಾಡು," ಎಂದರು.

"ತಪ್ಪಾತ್ರಿ ಕಾಕಾ."

"ಮಾಡೋ ಅಂದ್ರ. ನಾ ಖರೇನ ಹಿಂಗ ಎತ್ತತೀನೇನು? ನನಗ ನನ್ನ ಭುಜ ಎಲ್ಲಿ ಕಾಣತೈತಿ?"

ನಾಚುತ್ತಲೇ ಮಾಡಿದೆ. ಅವರು ನೂಲಿನ ದೋಷ ಹುಡುಕುವಂತೆ ನೋಡಿದರು. ಮರುದಿನದಿಂದ ದಿನಾ ಬಿಸಿಲಲ್ಲಿ ಎದುರುಬದುರು ಕುಳಿತೆವು. ಅವರ ತಪ್ಪನ್ನು ನಾನು ಮಾಡುವುದು, ಅದನ್ನು ನೋಡಿ ಅವರು ಭುಜ ಇಳಿಸಿಕೊಂಡು ಮತ್ತೆ ಕೈ ಎತ್ತುವುದು. ಅಣಕವೆಂದರೆ ನಗಿಸುವುದು ಎಂದಷ್ಟೇ ತಿಳಿದಿದ್ದವನು ನಾನು. ಒಬ್ಬ ಮನುಷ್ಯನನ್ನು ಇಷ್ಟು ದಿನ, ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ದೀಪಾವಳಿಯ ಹೊತ್ತಿಗೆ ಅವರ ಕೈ ಮೇಲೆದ್ದು ಲಾಳಿಯ ಹಗ್ಗ ಮುಟ್ಟಿತು. ಲಾಳಿಯ ಸದ್ದು ಕೇಳಿ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಮುಂದೆ ಐದಾರು ವರ್ಷ ಕಾಕಾ ನೇಯ್ದರು, ದಿನಕ್ಕೆ ಅರ್ಧ ಹೊತ್ತು.

ಅವರು ತೀರಿಕೊಂಡ ಮೇಲೂ ಜನ ಕೇಳುತ್ತಾರೆ, ಕಾಕಾನ್ನ ಮಾಡಿ ತೋರಿಸೋ ಎಂದು. ದನಿ ಬರುತ್ತದೆ, ನಡಿಗೆ ಬರುತ್ತದೆ, ಆ ಸೊಟ್ಟ ಭುಜವೂ ಬರುತ್ತದೆ. ಕೊನೆಗೆ ಸರಾಗ ಮೇಲೆದ್ದ ಆ ಕೈ ಮಾತ್ರ ನನಗಿನ್ನೂ ಬಂದಿಲ್ಲ.