ಮುನಿಕೃಷ್ಣಮ್ಮ ಸಾಕಿದ ಸೀಮೆ ಇಲಿಗಳು

ಕೆಂಪಾಪುರದ ಮುನಿಕೃಷ್ಣಮ್ಮನಿಗೆ ಇಲಿ ಎಂದರೆ ಜೀವ ಹಾರಿಹೋಗುತ್ತಿತ್ತು. ಸೊಪ್ಪಿನ ಮಡಿಯಲ್ಲಿ ಹಾವು ಕಂಡರೆ ಕೋಲು ಹಿಡಿದು ನಿಲ್ಲುವ ಹೆಂಗಸು, ಅಟ್ಟದ ಮೇಲೆ ಸರಕ್ ಅಂದದ್ದು ಕಿವಿಗೆ ಬಿದ್ದರೆ ಉಣ್ಣುವ ತಟ್ಟೆ ಬಿಟ್ಟು ಅಂಗಳಕ್ಕೆ ಬಂದುಬಿಡುತ್ತಿದ್ದಳು. ಕಾರಣ ಗೊತ್ತಿದ್ದ ಊರಿನವರು ನಗುತ್ತಿರಲಿಲ್ಲ. ಅವಳ ತವರು ಶೆಟ್ಟಿಹಳ್ಳಿ. ಅವಳಿನ್ನೂ ಲಂಗ ತೊಡುವ ವಯಸ್ಸಿನಲ್ಲಿ ಅಲ್ಲಿಗೆ ಪ್ಲೇಗು ಬಂತು. ಸೂರಿನಿಂದ ಇಲಿಗಳು ಉದುರತೊಡಗಿದಾಗ ಜನ ಮನೆಗಳಿಗೆ ಬೀಗ ಜಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅವಳ ಮನೆಯವರು ಗುಡಿಸಲಿಗೆ ಹೋದರೂ ಉಳಿಯಲಿಲ್ಲ. ಮೊದಲು ತಾಯಿ, ಹಿಂದೆಯೇ ತೊಟ್ಟಿಲ ಕೂಸಾಗಿದ್ದ ತಮ್ಮ, ಆಮೇಲೆ ತಂದೆ. ಉಳಿದ ಹುಡುಗಿಯನ್ನು ಕೆಂಪಾಪುರದಲ್ಲಿದ್ದ ಸೋದರತ್ತೆ ಬಂದು ಕರೆದುಕೊಂಡು ಹೋದಳು. ದೊಡ್ಡವಳಾದ ಮೇಲೆ ತನ್ನ ಕಿರಿಯ ಮಗನಿಗೇ ತಂದುಕೊಂಡಳು.

ಆ ಗಂಡ ಸಾವಿರದ ಒಂಬೈನೂರ ಐವತ್ತೊಂದರಲ್ಲಿ ತೀರಿಕೊಂಡಿದ್ದ. ಮಕ್ಕಳಾಗಿರಲಿಲ್ಲ. ಕೆರೆ ಏರಿಯ ಕೆಳಗಿನ ತುಂಡು ಹೊಲದಲ್ಲಿ ಸೊಪ್ಪು ಬೆಳೆದು, ಬುಟ್ಟಿಯಲ್ಲಿ ಹೊತ್ತು ಯಶವಂತಪುರದ ಸಂತೆಗೆ ಹೋಗಿ ಮಾರಿ ಬರುವುದು ಅವಳ ಬದುಕು. ಗಂಡನ ಅಣ್ಣ ದೊಡ್ಡಮುನಿಯಪ್ಪ ಪಕ್ಕದ ಮನೆಯಲ್ಲೇ ಇದ್ದ. ಎರಡು ಮನೆಗೂ ನಡುವೆ ಒಂದೇ ಗೋಡೆ. ಊರಿನ ನ್ಯಾಯ ಪಂಚಾಯ್ತಿಗೆಲ್ಲ ಅವನೇ ಹಿರಿಯ.

ಐವತ್ತೇಳರ ಮಳೆಗಾಲದಲ್ಲಿ ಮುನಿಕೃಷ್ಣಮ್ಮನ ಮನೆಯ ಬೀದಿ ಕಡೆಯ ಕೋಣೆಗೆ ಮಂಜೂರ್ ಎಂಬವನು ಹೆಂಡತಿ ಫಖ್ರುನ್ನೀಸಾಳ ಜೊತೆ ಬಾಡಿಗೆಗೆ ಬಂದ. ಸೂಜಿಮದ್ದು ತಯಾರಿಸುವ ಆಫೀಸೊಂದರಲ್ಲಿ ಪ್ರಾಣಿಗಳಿಗೆ ಮೇವು ಹಾಕುವ, ಗೂಡು ತೊಳೆಯುವ ಕೆಲಸ ಅವನದು. ಫಖ್ರುನ್ನೀಸಾ ಶಿಡ್ಲಘಟ್ಟದ ಹುಡುಗಿ, ರೇಷ್ಮೆ ಬಿಚ್ಚುವವರ ಮನೆಯವಳು. ಬರುವಾಗಲೇ ತುಂಬಿದ ಬಸುರಿ. ದೀಪಾವಳಿಯ ಹೊತ್ತಿಗೆ ಹೆರಿಗೆಯಾಯಿತು. ಕೂಸು ಒಂದು ವಾರವೂ ಹಾಲು ಕುಡಿಯಲಿಲ್ಲ. ಅದನ್ನು ಮಣ್ಣು ಮಾಡಿ ಬಂದ ದಿನದಿಂದ ಆ ಹುಡುಗಿ ಮಾತು ಬಿಟ್ಟಳು. ಅಳಲೂ ಇಲ್ಲ. ಮುನಿಕೃಷ್ಣಮ್ಮ ಗಂಜಿ ಕಾಯಿಸಿ ಕೊಟ್ಟರೆ ಕುಡಿಯುತ್ತಿದ್ದಳು, ಲೋಟ ತೊಳೆದು ಹೊಸಿಲ ಮೇಲೆ ಇಡುತ್ತಿದ್ದಳು, ಅಷ್ಟೇ.

ಹೆಂಡತಿಗೆ ಏನಾದರೂ ಆಸರೆ ಬೇಕೆಂದು ಮಂಜೂರನಿಗೆ ತೋರಿತು. ಒಂದು ಸಂಜೆ ಬೆತ್ತದ ಬುಟ್ಟಿ ಹಿಡಿದು ಬಂದ. ಅದರಲ್ಲಿ ಎರಡು ಸೀಮೆ ಇಲಿ, ಆಫೀಸಿನವರು ಗಿನಿಪಿಗ್ ಅನ್ನುವಂಥವು. ಒಂದು ರಾಗಿ ಬಣ್ಣದ್ದು, ಇನ್ನೊಂದು ಬಿಳಿಯದು, ಕಣ್ಣಿನ ಸುತ್ತ ಕಪ್ಪು. ಆಫೀಸಿನಲ್ಲಿ ಮರಿಗಳು ಹೆಚ್ಚಾಗಿದ್ದವೆಂದು ಸಾಹೇಬರನ್ನು ಕೇಳಿ ತಂದಿದ್ದ. ಮುನಿಕೃಷ್ಣಮ್ಮ ಬುಟ್ಟಿಯೊಳಗೆ ಇಣುಕಿದವಳು ಗೋಡೆಗೆ ಆತುಕೊಂಡು ನಿಂತಳು. ಬಾಲವಿಲ್ಲದಿದ್ದರೇನು, ಮೂತಿ ಇಲಿಯದೇ. ಅವು ತನ್ನ ಸೂರಿನ ಕೆಳಗೆ ಇರುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ಮಂಜೂರ್ ಎದುರಾಡಲಿಲ್ಲ. ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಾಗ ಫಖ್ರುನ್ನೀಸಾ ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದನ್ನು ನೋಡಿ ಮುನಿಕೃಷ್ಣಮ್ಮ ಒಳಗೆ ಹೋಗಿ ತನ್ನ ಕಡೆಯ ಬಾಗಿಲು ಹಾಕಿಕೊಂಡಳು.

ಬುಟ್ಟಿ ಕೋಣೆಯಲ್ಲೇ ಉಳಿಯಿತು. ಆದರೆ ಆ ಪ್ರಾಣಿಗಳು ಹುಡುಗಿಗೆ ಒಲಿಯಲಿಲ್ಲ. ಮೂಲೆಯ ಕತ್ತಲಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕಲ್ಲಿನ ಹಾಗೆ ಕೂತಿರುತ್ತಿದ್ದವು. ಅವಳು ಆಸೆಯಿಂದ ಎತ್ತಿಕೊಳ್ಳಲು ಹೋದರೆ ಕೀರಲು ದನಿ ತೆಗೆದು ಪೆಟ್ಟಿಗೆಯ ಸಂದಿಗೆ ನುಗ್ಗುತ್ತಿದ್ದವು. ಮೇಲಿನಿಂದ ಕೈ ಚಾಚಬೇಡ, ಅವಕ್ಕೆ ಅದು ಹದ್ದು ಎರಗಿದ ಹಾಗೆ ಎಂದು ಮಂಜೂರ್ ತಿಳಿಹೇಳಿದ. ಅವಳಿಗೆ ಅದು ಹಿಡಿಸಲಿಲ್ಲ. ತನ್ನ ಕೈಯಲ್ಲೇ ಏನೋ ದೋಷವಿದೆ, ಅದಕ್ಕೇ ಯಾವುದೂ ತನ್ನ ಹತ್ತಿರ ನಿಲ್ಲುವುದಿಲ್ಲ ಎಂದು ಅವನ ಬಳಿ ಅಂದಳಂತೆ. ವಾರಗಟ್ಟಲೆ ಬಾಯಿ ಬಿಡದವಳು ಆಡಿದ ಮೊದಲ ಮಾತು ಅದು. ಹೀಗಿರುವಾಗಲೇ ಅವಳಿಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಶಿಡ್ಲಘಟ್ಟದಿಂದ ಸೋದರಮಾವ ಬಂದು, ತಾಯಿಯ ಹತ್ತಿರ ಸ್ವಲ್ಪ ದಿನ ಇರಲಿ ಎಂದು ಯಲಹಂಕದಲ್ಲಿ ಸಣ್ಣ ರೈಲು ಹತ್ತಿಸಿ ಕರೆದುಕೊಂಡು ಹೋದ. ಹೊರಡುವಾಗ ಫಖ್ರುನ್ನೀಸಾ ಮುನಿಕೃಷ್ಣಮ್ಮನ ಎದುರು ನಿಂತಳು.

"ಅಮ್ಮಾ, ಅವಕ್ಕೆ ನೀವು ಇದೀರಲ್ವಾ?"

ಮುನಿಕೃಷ್ಣಮ್ಮನಿಗೆ ಹೂಂ ಅನ್ನದೆ ವಿಧಿಯಿರಲಿಲ್ಲ.

ಮಂಜೂರ್ ನಸುಕಿಗೇ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವನು. ಹಗಲಿನ ಮೇವು ಇವಳ ಪಾಲಿಗೆ ಬಂತು. ಮೊದಮೊದಲು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಹೊಸಿಲಲ್ಲೇ ನಿಂತು ಗರಿಕೆಯನ್ನು ಕೋಲಿನಿಂದ ಒಳಗೆ ತಳ್ಳುತ್ತಿದ್ದಳು. ಸಂಜೆ ನೋಡಿದರೆ ಗರಿಕೆ ಹಾಕಿದ ಹಾಗೇ ಬಾಡಿ ಬಿದ್ದಿರುತ್ತಿತ್ತು. ಅವುಗಳ ಬೆನ್ನಿನ ಮೂಳೆ ಎದ್ದು ಕಾಣತೊಡಗಿತು. ಸತ್ತರೆ ಆ ಹುಡುಗಿಗೆ ಏನು ಹೇಳುವುದು ಎಂಬ ಯೋಚನೆ ಒಂದು ಕಡೆ, ಹತ್ತಿರ ಹೋಗಲಾರದ ಹೇಸಿಗೆ ಇನ್ನೊಂದು ಕಡೆ.

ಒಂದು ಮಧ್ಯಾಹ್ನ ಸಂತೆಯಿಂದ ಬಂದು ಹೊಸಿಲಲ್ಲಿ ಕೂತಿದ್ದಾಗ ಬಿಳಿಯದು ಅವಳನ್ನೇ ನೋಡುತ್ತಿತ್ತು. ಮೈ ಅಲ್ಲಾಡದಿದ್ದರೂ ಪಕ್ಕೆ ಮಾತ್ರ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಅದನ್ನು ನೋಡುತ್ತ ಅವಳಿಗೆ ಅತ್ತೆಯ ಮನೆಗೆ ಬಂದ ಹೊಸತರ ದಿನಗಳು ನೆನಪಾದವು. ರಾಗಿ ತುಂಬಿದ ದೊಡ್ಡ ವಾಡೆಗಳ ಸಂದಿಯಲ್ಲಿ ಸೇರಿಕೊಂಡು ಯಾರು ಕರೆದರೂ ಅವಳು ಈಚೆಗೆ ಬರುತ್ತಿರಲಿಲ್ಲ. ಕೈ ಹಿಡಿದು ಎಳೆದವರನ್ನು ಕಚ್ಚಿದ್ದೂ ಉಂಟು. ಅತ್ತೆ ಎಳೆಯಲಿಲ್ಲ. ಮುದ್ದೆಯ ತಟ್ಟೆಯನ್ನು ಸಂದಿಯ ಬಾಯಲ್ಲಿಟ್ಟು, ಬೆನ್ನು ತಿರುಗಿಸಿ ಕೂತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ತನ್ನಷ್ಟಕ್ಕೆ ಏನೇನೋ ಮಾತಾಡಿಕೊಳ್ಳುತ್ತಿದ್ದಳು. ಹಾಗೆ ಅದೆಷ್ಟು ದಿನ ಕೂತಳೋ.

ಮುನಿಕೃಷ್ಣಮ್ಮ ಎದ್ದು ಹಿತ್ತಲಿನಿಂದ ಬಾಯಿ ಒಡೆದ ಗಡಿಗೆಯೊಂದನ್ನು ತಂದು, ಒಳಗೆ ಒಣಹುಲ್ಲು ಹಾಸಿ ಮೂಲೆಯಲ್ಲಿ ಅಡ್ಡ ಮಲಗಿಸಿದಳು. ಪ್ರಾಣಿಗಳು ಅದರೊಳಗೆ ಸೇರಿಕೊಂಡವು. ಅವಳು ಸೊಪ್ಪಿನ ಬುಟ್ಟಿ ತಂದು ಗಡಿಗೆಗೆ ಬೆನ್ನು ಹಾಕಿ ಕೂತು ಬಾಡಿದ ಎಲೆ ಕೀಳತೊಡಗಿದಳು. ಕತ್ತಿನ ಹಿಂದೆ ಕೂದಲು ನಿಮಿರುತ್ತಿತ್ತು. ಆದರೂ ಕೂತಳು. ಸಂತೆಯಲ್ಲಿ ಯಾರು ಏನಂದರು, ಕೆರೆಯಲ್ಲಿ ನೀರು ಎಷ್ಟಿದೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತ ಹೋದಳು. ಬೆನ್ನ ಹಿಂದೆ ಹುಲ್ಲು ಮಿಸುಕಿತು, ಆಮೇಲೆ ಕರಕರ ಅಗಿಯುವ ಸದ್ದು. ಅವಳು ತಿರುಗಿ ನೋಡಲಿಲ್ಲ.

ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂರುವುದು ರೂಢಿಯಾಯಿತು. ಕೆಲವು ದಿನಗಳಲ್ಲಿ ಪಕ್ಕಕ್ಕೆ ತಿರುಗಿ ಕೂತಳು, ಆಮೇಲೆ ಎದುರಿಗೆ. ನೆಲದ ಮೇಲೆ ಕೈಯಿಟ್ಟು ಬೆರಳ ನಡುವೆ ಕೊತ್ತಂಬರಿ ಕಡ್ಡಿ ಹಿಡಿದರೆ ರಾಗಿ ಬಣ್ಣದ್ದು ಕತ್ತು ಉದ್ದ ಮಾಡಿ ತುದಿ ಕಚ್ಚಿ ಎಳೆದುಕೊಂಡು ಓಡುತ್ತಿತ್ತು. ಸಂಕ್ರಾಂತಿ ಹತ್ತಿರ ಬರುವ ಹೊತ್ತಿಗೆ ಅವಳು ಬುಟ್ಟಿ ಇಳಿಸಿದ ಸದ್ದಿಗೇ ಎರಡೂ ಸಿಳ್ಳೆ ಹಾಕುತ್ತ ಗಡಿಗೆಯಿಂದ ಈಚೆಗೆ ಬರುತ್ತಿದ್ದವು. ರಾಗಿ ಬಣ್ಣದ್ದು ಮಡಿಲಿಗೂ ಹತ್ತಿತು. ಮೊದಲ ಸಲ ಅದರ ಬಿಸುಪು ತೊಡೆಗೆ ತಾಕಿದಾಗ ಅವಳು ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

ಸಂಕ್ರಾಂತಿ ಕಳೆದ ವಾರದಲ್ಲಿ ದೊಡ್ಡಮುನಿಯಪ್ಪನ ಕಣಜದ ಕೋಣೆಯಲ್ಲಿ ಇಲಿಗಳು ಸತ್ತು ಬಿದ್ದವು. ಒಂದೆರಡಲ್ಲ, ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ. ಊರು ನಡುಗಿತು. ಮುದುಕರು ಪ್ಲೇಗಿನ ಹೆಸರನ್ನು ಬಾಯಿಬಿಟ್ಟು ಹೇಳದೆ ಬರೀ ಆ ಬೇನೆ ಎನ್ನತೊಡಗಿದರು. ಹೊತ್ತು ಮುಳುಗುವುದರೊಳಗೆ ಮಾತು ಮುನಿಕೃಷ್ಣಮ್ಮನ ಬಾಡಿಗೆ ಕೋಣೆಗೆ ಬಂದು ನಿಂತಿತು. ರೋಗದ ಆಫೀಸಿನಿಂದ ತಂದ ಇಲಿಗಳಂತೆ. ಊರಿನವರಲ್ಲದ ಜನಕ್ಕೆ ಮನೆ ಕೊಟ್ಟದ್ದೇ ತಪ್ಪು ಎಂದೂ ಕೆಲವರು ಸೇರಿಸಿದರು.

ಮುನಿಕೃಷ್ಣಮ್ಮನೂ ಹೆದರಿದಳು. ಬಚ್ಚಲಿಗೆ ಹೋಗಿ ಕಂಕುಳಲ್ಲಿ ಗಡ್ಡೆ ಎದ್ದಿದೆಯೇನೋ ಎಂದು ಮುಟ್ಟಿ ನೋಡಿಕೊಂಡಳು. ಕೋಣೆಗೆ ಬಂದರೆ ಎರಡೂ ಸಿಳ್ಳೆ ಹಾಕುತ್ತ ಕಾಲ ಬಳಿ ಬಂದವು. ಇವೇ ಇರಬಹುದೇ ಎಂಬ ಅನುಮಾನ ಅವಳಿಗೇ ಬಂತು. ಕೇಳೋಣವೆಂದರೆ ಮಂಜೂರ್ ಹೆಂಡತಿಯನ್ನು ನೋಡಲು ಶಿಡ್ಲಘಟ್ಟಕ್ಕೆ ಹೋಗಿದ್ದ.

ದೊಡ್ಡಮುನಿಯಪ್ಪ ಬಂದವನು ಒಳಗೆ ಕಾಲಿಡಲಿಲ್ಲ. ಅಂಗಳದಲ್ಲೇ ನಿಂತು, ಅವನ್ನು ಗೋಣಿಯಲ್ಲಿ ಕಟ್ಟಿ ಕೆರೆಗೆ ಹಾಕಿಸುವುದಾಗಿ ಹೇಳಿದ.

"ಬ್ಯಾಡ ಭಾವ," ಎಂದಳು ಅವಳು.

"ನೀನೇ ಇಂಗಂದ್ರೆ ಊರೋರ್ಗೆ ಏನ್ ಏಳ್ಲಿ? ನಮ್ಮವ್ವ ನಿನ್ನ ವಾಡೆ ಸಂದಿಯಿಂದ ಈಚೆಗೆ ತರಾಕೆ ಪಟ್ಟ ಪಾಡು ಮರ್ತೋಯ್ತಾ?"

"ಮರ್ತಿಲ್ಲ. ಅದ್ಕೇ ಸಾಯ್ಸಾಕೆ ಆಗ್ತಿಲ್ಲ."

ಹಾಗಾದರೆ ಅವು ಊರೊಳಗೆ ಬೇಡ ಎಂದ ಅವನು. ಊರೊಳಗೆ ಇಡುವುದಿಲ್ಲ, ತಾನೂ ಇರುವುದಿಲ್ಲ ಎಂದು ಅವಳು ಉತ್ತರ ಕೊಟ್ಟಳು. ಬೆತ್ತದ ಬುಟ್ಟಿಗೆ ಎರಡನ್ನೂ ಇಳಿಸಿ, ಒಂದು ಕಂಬಳಿ, ಒಂದು ಮಡಕೆ, ಸೇರಷ್ಟು ರಾಗಿ ಹಿಟ್ಟು ಕಟ್ಟಿಕೊಂಡು ಹೊಲದ ಗುಡಿಸಲಿಗೆ ನಡೆದಳು. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು.

ಅದು ಕಾವಲಿಗೆಂದು ಹಾಕಿದ್ದ ಗರಿಯ ಗುಡಿಸಲು, ಮೂರೇ ಕಡೆ ಮರೆ. ಕೆರೆಯ ಮೇಲಿಂದ ಬರುವ ಪುಷ್ಯದ ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಬುಟ್ಟಿಗೆ ಹುಲ್ಲು ತುರುಕಿದಳು, ಕಂಬಳಿಯನ್ನು ಅದಕ್ಕೇ ಸುತ್ತಿ ತಾನು ಸೆರಗು ಹೊದ್ದು ಕೂತಳು. ಮಂಜು ಬಿದ್ದು ಹುಲ್ಲು ತೇವವಾಗುತ್ತಿತ್ತು. ಒಣಗಿಸಿ ಹಾಕಿದರೆ ಮತ್ತೆ ತೇವ. ಹಗಲು ಸೊಪ್ಪಿನ ಮಡಿಯಲ್ಲಿ ಕೆಲಸ ಮಾಡುತ್ತ ಗಳಿಗೆಗೊಮ್ಮೆ ಬಂದು ಬುಟ್ಟಿ ನೋಡುತ್ತಿದ್ದಳು. ಅವನ್ನು ಬಿಟ್ಟು ಸಂತೆಗೆ ಹೋಗಲು ಧೈರ್ಯವಾಗಲಿಲ್ಲ. ಸೊಪ್ಪು ಮಡಿಯಲ್ಲೇ ಬಲಿತುಹೋಯಿತು.

ಇತ್ತ ಕೆಲವು ದಿನ ಕಳೆದು ಊರಿಗೆ ಆರೋಗ್ಯ ಇಲಾಖೆಯವರು ಬಂದು ಸತ್ತ ಇಲಿಗಳನ್ನು ನೋಡಿದರು. ದೊಡ್ಡಮುನಿಯಪ್ಪನ ಆಳು ಆಗ ಬಾಯಿಬಿಟ್ಟ. ರಾಗಿ ಹಾಳಾಗುತ್ತದೆಂದು ಅವನೇ ಪಾಷಾಣ ಕಲಸಿ ಇಟ್ಟಿದ್ದನಂತೆ. ಊರೇ ಬೆದರಿದ್ದು ಕಂಡು ಹೇಳಲು ಹೆದರಿದನಂತೆ. ಕಾಯಿಲೆ ಏನೂ ಇರಲಿಲ್ಲ. ಸುದ್ದಿ ಹೊತ್ತು ದೊಡ್ಡಮುನಿಯಪ್ಪನೇ ಹೊಲಕ್ಕೆ ಬಂದ. ಬಂದಾಗ ಮುನಿಕೃಷ್ಣಮ್ಮ ರಾಗಿ ಬಣ್ಣದ್ದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಮೂಗು ಸೋರುತ್ತಿತ್ತು, ಉಸಿರಿಗೊಮ್ಮೆ ಎದೆಯಲ್ಲಿ ಗೊರಗೊರ ಸದ್ದು. ಕೊತ್ತಂಬರಿ ಮುಂದೆ ಹಿಡಿದರೆ ಮೂಸಿ ಸುಮ್ಮನಾಗುತ್ತಿತ್ತು.

"ಮನೆಗ್ ಬಾ," ಎಂದ ಅವನು.

ಅವನು ಕಂಬಳಿ, ಮಡಕೆ ತಾನೇ ಎತ್ತಿಕೊಂಡು ಮುಂದೆ ನಡೆದ. ಅವಳು ಹಿಂದೆ ಹೋದಳು.

ಮನೆಯಲ್ಲಿ ಒಲೆಯ ಪಕ್ಕ ಬೆಚ್ಚಗೆ ಇಟ್ಟಳು. ಮಂಜೂರ್ ಶಿಡ್ಲಘಟ್ಟದಿಂದ ಬಂದು ನೋಡಿ, ಇವಕ್ಕೆ ಎದೆಗೆ ತಂಡಿ ಹತ್ತಿದರೆ ಉಳಿಯುವುದು ಕಷ್ಟ ಎಂದ. ಮಾರನೆಯ ಬೆಳಿಗ್ಗೆ ಅದು ಅವಳ ಸೆರಗಿನೊಳಗೇ ಸತ್ತಿತು. ಊರೊಳಗೇ ಇದ್ದಿದ್ದರೆ ಬದುಕುತ್ತಿತ್ತೇ ಎಂದು ಅವಳು ಕೇಳಿದಳು. ಊರೊಳಗಿದ್ದಿದ್ದರೆ ಕೆರೆಗೆ ಹಾಕುತ್ತಿದ್ದರಲ್ಲ ಎಂದು ಮಂಜೂರ್ ಸಮಾಧಾನ ಹೇಳಿದ. ಅವಳಿಗೆ ಅದು ಉತ್ತರವೆನಿಸಲಿಲ್ಲ. ಆರೋಗ್ಯ ಇಲಾಖೆಯವರು ಬರುವ ತನಕ ಭಾವನನ್ನು ತಡೆದು ನಿಲ್ಲಿಸಿದ್ದರೆ ಸಾಕಿತ್ತು ಎಂದು ವರ್ಷಗಟ್ಟಲೆ ಅಂದುಕೊಂಡಳು.

ಬಿಳಿಯದು ಒಂಟಿಯಾಗಿ ಮತ್ತೆ ಗಡಿಗೆ ಸೇರಿತು. ಸಿಳ್ಳೆ ನಿಂತಿತು. ಅವಳ ಕೈ ಕಂಡರೂ ಹಿಂದಕ್ಕೆ ಸರಿಯುತ್ತಿತ್ತು. ಮುನಿಕೃಷ್ಣಮ್ಮ ಬೆನ್ನು ಹಾಕಿ ಕೂರುವುದರಿಂದ ಎಲ್ಲವನ್ನೂ ಮೊದಲಿಂದ ಶುರುಮಾಡಿದಳು.

ಯುಗಾದಿಗೆ ಮುಂಚೆ ಫಖ್ರುನ್ನೀಸಾ ಹಿಂತಿರುಗಿದಳು. ಮೈ ತುಂಬಿಕೊಂಡಿದ್ದಳು, ಮುಖ ಮಾತ್ರ ಹಾಗೇ ಇತ್ತು. ಗಂಡ ಅವಳಿಗೆ ಏನೂ ಹೇಳಿರಲಿಲ್ಲ. ಮುನಿಕೃಷ್ಣಮ್ಮ ಅವಳನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು, ತಾನು ಅನುಮಾನಪಟ್ಟದ್ದನ್ನೂ ಬಿಡಲಿಲ್ಲ. ಹುಡುಗಿ ನೆಲ ನೋಡುತ್ತ ಕೇಳಿದಳು.

"ಸಾಯುವಾಗ ಅದು ಒಂದೇ ಇತ್ತಾ, ಅಮ್ಮಾ?"

"ಇಲ್ಲ ಕಣವ್ವ. ನನ್ ಮಡ್ಲಾಗಿತ್ತು."

ಫಖ್ರುನ್ನೀಸಾ ಆಗ ಅತ್ತಳು. ಮಣ್ಣು ಮಾಡಿದ ದಿನ ಅಳದೆ ಉಳಿದದ್ದೆಲ್ಲ ಬಂತು. ತನ್ನ ಕೂಸನ್ನು ಕೊನೆಯ ಗಳಿಗೆಯಲ್ಲಿ ಯಾರೋ ಕೈಯಿಂದ ತೆಗೆದುಕೊಂಡುಬಿಟ್ಟಿದ್ದರು, ತಾನು ಹಿಡಿದುಕೊಂಡಿರಲಿಲ್ಲ ಎಂದು ಬಿಕ್ಕುತ್ತ ಹೇಳಿದಳು. ಮುನಿಕೃಷ್ಣಮ್ಮ ಪಕ್ಕದಲ್ಲಿ ಕೂತಿದ್ದಳು.

ಆಮೇಲೆ ಇಬ್ಬರೂ ಮಧ್ಯಾಹ್ನ ಗಡಿಗೆಯ ಬಳಿ ಕೂತು ಸೊಪ್ಪು ಹಸನು ಮಾಡತೊಡಗಿದರು. ಬಿಳಿಯದಕ್ಕೆ ಜೊತೆ ಇರಲೆಂದು ಮಂಜೂರ್ ಇನ್ನೊಂದು ಮರಿ ತಂದ. ಬಿಳಿಯದು ಫಖ್ರುನ್ನೀಸಾಳ ಬೆರಳಿಂದ ಗರಿಕೆ ಎಳೆಯಲು ಬೇಸಿಗೆ ಪೂರ್ತಿ ಬೇಕಾಯಿತು. ದೊಡ್ಡಮುನಿಯಪ್ಪ ಆ ಕೋಣೆಯ ಕಡೆ ಬರಲಿಲ್ಲ. ಹಬ್ಬಕ್ಕೆ ಅವನ ಮನೆಯಿಂದ ಒಬ್ಬಟ್ಟು ಬಂದರೆ ಮುನಿಕೃಷ್ಣಮ್ಮ ತೆಗೆದುಕೊಳ್ಳುತ್ತಿದ್ದಳು, ತಾನು ಮಾತ್ರ ಆ ಮನೆಯ ಹೊಸಿಲು ತುಳಿಯುವುದನ್ನು ಬಿಟ್ಟಿದ್ದಳು.

ಐವತ್ತೊಂಬತ್ತರಲ್ಲಿ ಮಂಜೂರನಿಗೆ ಯಶವಂತಪುರದ ಹತ್ತಿರ ಬೇರೆ ಕೆಲಸ ಸಿಕ್ಕಿತು. ಹೊರಡುವ ದಿನ ಫಖ್ರುನ್ನೀಸಾ ಬಿಳಿಯದನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಅದು ನಿಮ್ಮದೇ ಅಂದಳು. ಒಂದನ್ನು ಬಿಟ್ಟರೆ ಎರಡೂ ಕೊರಗುತ್ತವೆ, ತೆಗೆದುಕೊಂಡು ಹೋಗು ಎಂದು ಮುನಿಕೃಷ್ಣಮ್ಮ ಬುಟ್ಟಿಯನ್ನು ತಾನೇ ಹೊತ್ತು ರಸ್ತೆಯವರೆಗೆ ಬಂದಳು. ಬಸ್ಸು ಕಣ್ಮರೆಯಾದ ಮೇಲೆ ಸೊಪ್ಪಿಗೆ ನೀರು ಕಟ್ಟುವುದಿತ್ತೆಂದು ಏರಿ ಇಳಿದು ಹೊಲಕ್ಕೆ ಹೋದಳು.